ಒಂಟೆಯ ಮುಂದಿನ ಪ್ಯಾದೆ

ನಿಗಡಿ, ಪುಣೆ
೪ ಆಗಸ್ಟ್ ೨೦೨೪

ಕೇತಕಿ ಮಗಾ,

ಇಲ್ಲಿ ನಾವು ಮೂವರೂ ಚಲೋ ಇದ್ದೇವೆ, ಗೋಡೆ ಮಾತ್ರ ಸೋರುತ್ತಿದೆ. ನೀನು ಮೈಸೂರು ಮುಟ್ಟಿದ ದಿನ ನಿಮ್ಮವ್ವ ನನ್ನ ಕಿವಿಗೂ ಫೋನ್ ಹಿಡಿದಿದ್ದಳು. ನನಗೆ ಕೇಳಿಸಿದ್ದು ಪ್ರೆಸ್ ಶಾಪಿನ ಗುಂಯ್ ಸದ್ದು ಒಂದೇ. ಚಾಕಣದ ಕಾರ್ಖಾನೆಯಲ್ಲಿ ಅಷ್ಟು ವರ್ಷ ತಗಡು ಒತ್ತಿದವನ ಕಿವಿ ಇದು; ನಾನು ಕೆಲಸ ಬಿಟ್ಟರೂ ಸದ್ದು ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಅಜ್ಜನ ಜೊತೆ ಮಾತಾಡಬೇಕೆಂದರೆ ನೀನು ಬರೆಯಲೇಬೇಕು. ಮರಾಠಿ ಶಾಲೆಯ ಹುಡುಗಿಗೆ ನಾನು ಕನ್ನಡ ಅಕ್ಷರ ಕಲಿಸಿದ್ದು ಇನ್ನು ಯಾವ ಕೆಲಸಕ್ಕೆ?

ಕಾತ್ರಜದಲ್ಲಿ ನಿನ್ನನ್ನು ಬಸ್ ಹತ್ತಿಸಿ ಬರುವಾಗ ನಿಮ್ಮಪ್ಪ ನಿನ್ನ ಬಸ್ಸು ಹೋದ ದಿಕ್ಕಿಗೇ ನೋಡುತ್ತಿದ್ದ. ಸ್ವಾರಗೇಟ್ ದಾಟಿದ ಮೇಲೆ ನನ್ನ ಕಡೆ ಮುಖ ತಿರುಗಿಸಿ, ನನಗೆ ತುಟಿ ಕಾಣುವ ಹಾಗೆ, "ಅಪ್ಪಾ, ಅಲ್ಲಿ ಅಕಿಗೆ ರೊಟ್ಟಿ ಸಿಗ್ತಾವೇನು?" ಅಂದ. "ರೊಟ್ಟಿ ಸಿಗಲಿಕ್ಕಿಲ್ಲ, ಅನ್ನ ಸಿಗ್ತದ" ಅಂದೆ.

ಆ ಚೆಸ್ ಹಾಸ್ಟೆಲಿನಲ್ಲಿ ಕಲಿಸುವುದನ್ನೆಲ್ಲ ಕಲಿ. ಆದರೆ ಕಪ್ಪು ಕಾಯಿ ಕೈಗೆ ಬಂದಾಗ ನಮ್ಮ ಆಟವನ್ನು ಮರೆಯಬೇಡ. ಬಿಳಿಯವರು ರಾಜನ ಮುಂದಿನ ಪ್ಯಾದೆ ನೂಕಿದರೆ ನೀನೂ ಅದನ್ನೇ ನೂಕು. ಅವರು ಕುದುರೆ ಹೊರಗೆ ತಂದು ಆ ಪ್ಯಾದೆಯ ಮೇಲೆ ಕಣ್ಣು ಹಾಕುತ್ತಾರೆ. ಲೋಕದಲ್ಲಿ ಎಲ್ಲರೂ ಅದನ್ನು ಕಾಯಲಿಕ್ಕೆ ನಿಲ್ಲುತ್ತಾರೆ. ನೀನು ಕಾಯಬೇಡ. ರಾಜನ ಪಕ್ಕದ ಒಂಟೆಯ ಮುಂದೆ ಇದೆಯಲ್ಲ, ಆ ಪ್ಯಾದೆಯನ್ನೂ ಎರಡು ಮನೆ ನೂಕಿ ಅವರ ಬಾಯಿಗೆ ಇಡು. ತಿನ್ನಲಿ. ತಿನ್ನುತ್ತ ಕೂತಾಗ ನಿನ್ನ ಮಂತ್ರಿ ಹೊರಗೆ ಬಂದಿರುತ್ತದೆ. ನಿನ್ನ ರಾಜನ ಪಕ್ಕ ಬಯಲಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟರಲ್ಲಿ ಎದುರಿನವನು ದಾರಿ ತಪ್ಪಿರಬೇಕು. ಅದೇ ಈ ಆಟ.

ಕೆಳಗಿನ ಸಾಲು ನಿಮ್ಮಪ್ಪನದು. ದೊಡ್ಡದಾಗಿ ಬರಿ ಎಂದು ಪೆನ್ನು ಕೊಟ್ಟರೆ ಇಷ್ಟು ಬರೆದು ಎದ್ದ.

ನಿನ್ನ ಅಜ್ಜ
ಹಣಮಂತ್ರಾಯ

ಊಟ ಬಿಡಬೇಡ. — ಅಪ್ಪ


ಮೈಸೂರು
೧೯ ಆಗಸ್ಟ್ ೨೦೨೪

ಅಜ್ಜಾ,

ಇಲ್ಲಿ ನನ್ನ ಹೆಸರು ಕೇತಕಿ ಅಲ್ಲ, 'ಪುಣೆ'. ಮೊದಲ ದಿನ ಕೋಣೆಯಲ್ಲಿ "ನನಗ ಭಾಳ ಹಸಿವಾಗ್ಯದ" ಅಂದೆ. ಮಂಡ್ಯದ ಧನುಶ್ರೀ ಅಂತ ನನ್ನ ರೂಮ್‌ಮೇಟ್, "ಏನಂದೆ? ಇನ್ನೊಂದ್ಸಲ ಹೇಳೇ ಪ್ಲೀಸ್" ಅಂತ ಪಕ್ಕದ ಕೋಣೆಯವರನ್ನೂ ಕರೆದಳು. ಈಗ ದಿನಾ ಊಟದ ಹೊತ್ತಿಗೆ ಎಲ್ಲರೂ ಅದನ್ನೇ ಕೂಗುತ್ತಾರೆ. ಬೇಜಾರಿಲ್ಲ. ಅವಳು ತನ್ನ ಮೊಸರನ್ನು ನನಗೆ ಕೊಡುತ್ತಾಳೆ.

ನಮ್ಮ ಆಟವನ್ನು ಕೋಚ್ ಚಲುವರಾಜು ಸರ್ ನೋಡಿದರು. "ಯಾರಮ್ಮಾ ಹೇಳ್ಕೊಟ್ಟಿದ್ದು ಇದನ್ನ? ಫುಟ್‌ಪಾತ್ ಆಟ ಇದು" ಅಂದರು. "ಹೌದ್ರಿ ಸರ್, ಫುಟ್‌ಪಾತ್ ಮ್ಯಾಲೇ ಕಲ್ತದ್ದು" ಅಂದೆ. ಎಲ್ಲರೂ ನಕ್ಕರು, ಸರ್ ನಗಲಿಲ್ಲ. ಕಾಯಿ ಜೋಡಿಸಿ ತೋರಿಸಿದರು. ಬಿಳಿ ಕುದುರೆ ನಮ್ಮ ಪ್ಯಾದೆ ತಿನ್ನುತ್ತದೆ, ನಮ್ಮ ಮಂತ್ರಿ ಹೊರಗೆ ಬರುತ್ತದೆ. ಅಲ್ಲಿಯವರೆಗೆ ನೀನು ಹೇಳಿದ ಹಾಗೇ. ಆಮೇಲೆ ಸರ್ ಆ ಕುದುರೆಯನ್ನು ಸುಮ್ಮನೆ ಹಿಂದಕ್ಕೆ ತಂದು ಇಟ್ಟರು. ಅಷ್ಟೇ. "ಆಸೆ ಇಲ್ಲದವರು ಹೀಗೆ ಆಡ್ತಾರೆ. ಇಲ್ಲಿಂದ ನೀನು ಬರೀ ಓಡ್ತಾ ಇರ್ತೀಯ" ಅಂದರು. ಅಜ್ಜಾ, ನಿಗಡಿಯಲ್ಲಿ ಯಾರೂ ಯಾವತ್ತೂ ಆ ಕುದುರೆಯನ್ನು ಹಿಂದಕ್ಕೆ ತರಲಿಲ್ಲವಾ?

ಇಲ್ಲಿಯ ನಿಯಮ ಕೇಳು. ಹಾಸ್ಟೆಲ್ ನಡೆಸುವ ಟ್ರಸ್ಟಿನವರು ನವೆಂಬರಿನಲ್ಲಿ ನಮ್ಮ ನಮ್ಮಲ್ಲೇ ಪಂದ್ಯ ಇಡುತ್ತಾರೆ. ಮೊದಲ ನಾಲ್ವರಿಗೆ ಊಟ, ಕೋಚಿಂಗ್, ಕಾಲೇಜು ಎಲ್ಲ ಮುಂದುವರಿಯುತ್ತದೆ. ಉಳಿದವರು ಹಾಸಿಗೆ ಸುತ್ತಿಕೊಂಡು ಹೋಗಬೇಕು. ಪಂದ್ಯ ಮುಗಿಯುವ ತನಕ ಫೋನ್ ಬಂದ್. ಸೆಪ್ಟೆಂಬರ್ ಒಂದಕ್ಕೆ ಎಲ್ಲರದನ್ನೂ ತೆಗೆದು ಬೀರುವಿನಲ್ಲಿ ಇಡುತ್ತಾರೆ. ಅವ್ವಗೆ ತಿಳಿಸಿ ಹೇಳು, ಗಾಬರಿಯಾಗುತ್ತಾಳೆ.

ಅಪ್ಪನ ಸಾಲನ್ನು ಹರಿದು ಚೆಸ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಪ್ರತಿ ಪತ್ರಕ್ಕೂ ಬರೆಸು.

ಕೇತಕಿ


ನಿಗಡಿ
೫ ಸೆಪ್ಟೆಂಬರ್ ೨೦೨೪

ಕೇತಕಿ ಮಗಾ,

ನಿಮ್ಮ ಸರ್ ಹೇಳಿದ್ದನ್ನು ಫ್ಲೈಓವರ್ ಕೆಳಗೆ ನಮ್ಮ ಕಟ್ಟೆಯ ಮೇಲೆ ಪರೀಕ್ಷೆ ಮಾಡಿದೆ. ಆಟೋ ಅಕ್ಷಯ ಗೊತ್ತಲ್ಲ, ಸವಾರಿ ಬಿಟ್ಟು ಆಟಕ್ಕೆ ಕೂರುವವನು. ನಾನು ಒಂಟೆಯ ಪ್ಯಾದೆ ನೂಕಿದ ಕೂಡಲೇ "ಕಾಕಾ, ಪರತ ತೇಚ್ ಕಾ?", ಮತ್ತೆ ಅದೇ ಏನು, ಅಂತ ಎಂದಿನಂತೆ ಹಲ್ಲು ಕಿರಿದ. ಈ ಸಲ ತಿಂದ ಮೇಲೆ ಕುದುರೆಯನ್ನು ಹಿಂದಕ್ಕೆ ತಾ ಎಂದೆ. ಅವನಿಗೆ ಅವಮಾನವಾಯಿತು. ತಿಂದು ಹಿಂದಕ್ಕೆ ಬರುವುದು ಎಂಥ ಆಟ ಅಂತ ಅವನ ವಾದ. ಒತ್ತಾಯ ಮಾಡಿ ಆಡಿಸಿದೆ. ಆದರೂ ನಾನೇ ಗೆದ್ದೆ. ನಿಮ್ಮ ಸರ್‌ಗೆ ಹೇಳು.

ನಾನು ಚಿತ್ತಾಪುರ ಬಿಟ್ಟು ಪುಣೆಗೆ ಬಂದಾಗ ಕಲ್ಲು ಹೊರುತ್ತಿದ್ದೆ, ಓದು ಬರುತ್ತಿರಲಿಲ್ಲ. ಕರ್ನಾಟಕದ ಬಸ್ಸಿನ ಬೋರ್ಡು ನೋಡಿ ಕನ್ನಡ ಅಕ್ಷರ ಕಲಿತೆ, ಕಾರ್ಖಾನೆಯ ಊಟದ ಬಿಡುವಿನಲ್ಲಿ ಬೇರೆಯವರ ಹೆಗಲ ಮೇಲಿಂದ ಬಗ್ಗಿ ನೋಡಿ ಚೆಸ್ ಕಲಿತೆ. ನನಗೆ ಯಾರೂ ಬಿಳಿ ಕಾಯಿ ಕೊಡುತ್ತಿರಲಿಲ್ಲ. ಕಪ್ಪು ಹಿಡಿದು ಕಾಯುತ್ತ ಕೂತವನನ್ನು ಯಾರೂ ಎರಡನೇ ಸಲ ಆಟಕ್ಕೆ ಕರೆಯುತ್ತಲೂ ಇರಲಿಲ್ಲ. ಅದಕ್ಕೇ ನನಗೆ ಈ ಆಟದ ಮೇಲೆ ಮೋಹ.

ನಿಮ್ಮವ್ವ ದಿನಾ ಫೋನ್ ಒರೆಸಿ ಇಡುತ್ತಾಳೆ, ಅದು ಅವಳ ಗಾಬರಿ.

ಅಜ್ಜ

ಮಲಗುವ ಮುಂಚೆ ಹಾಲು ಕೊಡುತ್ತಾರೇನು? ಕೇಳು. ಊಟ ಬಿಡಬೇಡ. — ಅಪ್ಪ


ಮೈಸೂರು
೨೨ ಸೆಪ್ಟೆಂಬರ್ ೨೦೨೪

ಅಜ್ಜಾ,

ಅಪ್ಪ ಎರಡು ಸಾಲು ಹೆಚ್ಚು ಬರೆದಿದ್ದಾರೆ! ಧನುಶ್ರೀಗೂ ತೋರಿಸಿದೆ. "ನಿಮ್ಮಪ್ಪ ಊಟ ಬಿಟ್ಟು ಬೇರೇನೂ ಮಾತಾಡಲ್ವಾ?" ಅಂದಳು. ಇಲ್ಲ ಅಂದೆ. ಹಾಲು ಕೊಡುತ್ತಾರೆ ಅಂತ ಹೇಳು.

ಬೇಜಾರಾಗಬೇಡ ಅಜ್ಜಾ, ನಾನೀಗ ಪ್ಯಾದೆ ಕಾಯುತ್ತೇನೆ. ಕುದುರೆ ತಂದು ಪಕ್ಕಕ್ಕೆ ನಿಲ್ಲಿಸಿ ಸುಮ್ಮನೆ ಕಾಯುವ ಆಟ. ನಿನಗೆ ನಿದ್ದೆ ಬರುತ್ತದೆ. ಆದರೆ ನಾನು ಸೋಲುವುದು ಕಡಿಮೆಯಾಗಿದೆ. ಅಭ್ಯಾಸದ ಪಂದ್ಯಗಳಲ್ಲಿ ನಾಲ್ಕನೆಯವಳಾಗಿದ್ದೇನೆ, ಅಂದರೆ ಗೆರೆಯ ಈಚೆ ಕಾಲಿಟ್ಟಿದ್ದೇನೆ. ನನ್ನ ಹಿಂದೆಯೇ ಹರ್ಷಾ ಅಂತ ಇದ್ದಾಳೆ, ಬಳ್ಳಾರಿಯವಳು, ಆಟದ ಹೊತ್ತಿಗೆ ಕಣ್ಣು ಮಿಟುಕಿಸುವುದೇ ಇಲ್ಲ.

ಸೀಟು ಉಳಿದರೆ ಡಿಗ್ರಿಯನ್ನೂ ಇಲ್ಲೇ ಮಾಡುತ್ತೇನೆ. ಮೂರು ವರ್ಷ ಮನೆಗೆ ಬರುವುದು ರಜೆಗೆ ಮಾತ್ರ. ಅಪ್ಪಗೆ ನೀನೇ ಮೆಲ್ಲಗೆ ಹೇಳು. ಏನಂದರು ಅಂತ ಬರಿ.

ಕೇತಕಿ


ನಿಗಡಿ
೬ ಅಕ್ಟೋಬರ್ ೨೦೨೪

ಕೇತಕಿ,

ಈ ಕಾಗದವನ್ನು ನಾನು ಪೋಸ್ಟಿಗೆ ಹಾಕುವುದಿಲ್ಲ. ನಿನ್ನ ಹೆಸರು ಬರೆದರೆ ಮಾತ್ರ ನನ್ನ ಪೆನ್ನು ಓಡುತ್ತದೆ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ಗುರುವಾರ ಕಾರ್ಖಾನೆಯಲ್ಲಿ ನಿಮ್ಮಪ್ಪನ ಬಲಗೈ ಪ್ರೆಸ್ಸಿಗೆ ಸಿಕ್ಕಿತು. ಮಣಿಕಟ್ಟಿನ ತನಕ ಹೋಯಿತು.

ಆ ಮಷೀನಿಗೆ ಎರಡು ಗುಂಡಿ ಇರುತ್ತವೆ, ಒಂದು ಎಡಕ್ಕೆ ಒಂದು ಬಲಕ್ಕೆ. ಎರಡೂ ಕೈ ಅಗಲಿಸಿ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ. ಕೈ ಒಳಗಿರಬಾರದು ಎಂದೇ ಹಾಗೆ ಮಾಡಿದ್ದು. ಆದರೆ ಹಾಗೆ ಒತ್ತುತ್ತ ಕೂತರೆ ಕೇಳಿದಷ್ಟು ಮಾಲು ಏಳುವುದಿಲ್ಲ. ಅದಕ್ಕೆ ಒಂದು ಗುಂಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟುತ್ತಾರೆ. ಒಂದು ಕೈಯಲ್ಲಿ ಒತ್ತುವುದು, ಇನ್ನೊಂದು ಕೈಯಲ್ಲಿ ತಗಡು ಸರಿಸುವುದು. ಸೂಪರ್‌ವೈಸರ್ ನೋಡಿಯೂ ನೋಡುವುದಿಲ್ಲ. ನಮ್ಮ ಕಾಲದಲ್ಲೂ ಕಟ್ಟುತ್ತಿದ್ದೆವು. ಪಟ್ಟಿ ಬಿಗಿಯುವುದನ್ನು ನಿಮ್ಮಪ್ಪನಿಗೆ ತೋರಿಸಿದವನು ನಾನೇ.

ಆಸ್ಪತ್ರೆಯಲ್ಲಿ ನಿಮ್ಮವ್ವ ಶರಣಮ್ಮ ನನ್ನ ಎರಡೂ ಕೈ ಹಿಡಿದು, ಒಂದೊಂದೇ ಶಬ್ದ ತುಟಿಯಲ್ಲಿ ಬಿಡಿಸಿ ಹೇಳಿದಳು: "ಅಕಿಗೆ ಹೇಳಬ್ಯಾಡ್ರಿ ಮಾವಾ. ಹೇಳಿದ್ರ ಆಟ ಬಿಟ್ಟು ಓಡಿ ಬರ್ತಾಳ. ಕೈ ಅಂತೂ ಹೋತು. ಅಕಿದರೇ ಉಳೀಲಿ." ನಾನು ಹೂಂ ಅಂದೆ. ನಿಮ್ಮಪ್ಪನಿಗೆ ಎಚ್ಚರ ಬಂದಾಗ ಅವನೂ ಹೂಂ ಅಂದ. ಈ ಮನೆಯಲ್ಲಿ ನಿನ್ನ ಹೊರತು ಎಲ್ಲರೂ ಒಪ್ಪಿದ್ದೇವೆ.

ಇನ್ನೊಂದು. ಅಕ್ಷಯ ಕುದುರೆಯನ್ನು ಹಿಂದಕ್ಕೆ ತಂದ ಆಟದಲ್ಲಿ ನಾನು ಗೆಲ್ಲಲಿಲ್ಲ. ಆಮೇಲೆ ಪ್ರತಿ ಸಲವೂ ಸೋತೆ. ನಿಮ್ಮ ಸರ್ ಹೇಳಿದ್ದು ಸರಿ. ನಿನ್ನ ಮುಂದೆ ಸಣ್ಣವನಾಗಲು ಮನಸ್ಸಾಗಲಿಲ್ಲ.

ಅಜ್ಜ


ನಿಗಡಿ
೮ ಅಕ್ಟೋಬರ್ ೨೦೨೪

ಕೇತಕಿ ಮಗಾ,

ನಾವೆಲ್ಲ ಚಲೋ ಇದ್ದೇವೆ. ಮಳೆ ನಿಂತಿದೆ, ಗೋಡೆಯೂ ಒಣಗುತ್ತಿದೆ. ನಾಲ್ಕನೆಯವಳಾಗಿದ್ದೀಯಲ್ಲ, ಭೇಷ್. ಪ್ಯಾದೆ ಕಾಯುವುದಾದರೆ ಕಾಯು, ನನ್ನ ಅಡ್ಡಿ ಇಲ್ಲ. ನಿಮ್ಮಪ್ಪನಿಗೆ ಈಗ ಹಬ್ಬದ ಓವರ್‌ಟೈಮ್. ಅವನು ಬರುವಾಗ ನಾನು ಮಲಗಿರುತ್ತೇನೆ, ನಾನು ಏಳುವಾಗ ಅವನು ಇರುವುದಿಲ್ಲ. ಅದಕ್ಕೆ ಈ ಸಲ ಅವನ ಸಾಲಿಲ್ಲ. ಡಿಗ್ರಿಯ ವಿಷಯ ನಿಧಾನವಾಗಿ ಹೇಳುತ್ತೇನೆ. ನೀನು ಆಟದ ಕಡೆ ಮಾತ್ರ ನೋಡು.

ಅಜ್ಜ


ಮೈಸೂರು
೧೯ ಅಕ್ಟೋಬರ್ ೨೦೨೪

ಅಜ್ಜಾ,

ನಿನ್ನ ಪತ್ರ ಇಷ್ಟು ಗಿಡ್ಡ ಯಾವತ್ತೂ ಇರಲಿಲ್ಲ. ಎಂದಿನ ಹಾಗೆ ಅಕ್ಷಯನನ್ನು ಬೈದಿಲ್ಲ, ಮುನಸಿಪಾಲಿಟಿಯನ್ನೂ ಬೈದಿಲ್ಲ. ಅಪ್ಪನ ಸಾಲೂ ಇಲ್ಲ.

ನನಗೆ ಗೊತ್ತಾಯಿತು. ಅಪ್ಪ ಸಿಟ್ಟಾಗಿದ್ದಾರೆ. ಮೂರು ವರ್ಷ ಮನೆಗೆ ಬರಲ್ಲ ಅಂತ ಬರೆದೆನಲ್ಲ, ನೀನು ಹೇಳಿರಬೇಕು, ಅವರು ಪೆನ್ನು ಮುಟ್ಟಿರಲಿಕ್ಕಿಲ್ಲ. ಓವರ್‌ಟೈಮ್ ಇದ್ದಾಗಲೂ ನನ್ನ ಶಾಲೆಯ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು ಅವರು. ಒಂದು ಸಾಲಿಗೆ ಎಷ್ಟು ಹೊತ್ತು ಬೇಕು?

ಬೈದಾದರೂ ಬರೆಯಲಿ ಅಜ್ಜಾ. ಅದು ಬರುವ ತನಕ ನನಗೆ ಬೋರ್ಡಿನ ಮುಂದೆ ಕೂರಲು ಆಗುತ್ತಿಲ್ಲ. ನಿನ್ನೆ ಧನುಶ್ರೀಗೂ ಸೋತೆ. ಅವಳಿಗೇ ಪಾಪ ಅನ್ನಿಸಿತು.

ಕೇತಕಿ


ನಿಗಡಿ
೨೮ ಅಕ್ಟೋಬರ್ ೨೦೨೪

ಕೇತಕಿ ಮಗಾ,

ಹುಚ್ಚಿ, ನಿಮ್ಮಪ್ಪ ನಿನ್ನ ಮೇಲೆ ಸಿಟ್ಟಾಗುವುದೇ? ಡಿಗ್ರಿಯ ಮಾತು ಕೇಳಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ. ನಾನೇ ಎಚ್ಚರವಿದ್ದು ಅವನನ್ನು ಹಿಡಿದು ಬರೆಸಿದ್ದೇನೆ, ಕೆಳಗೆ ನೋಡು. ಅಕ್ಷಯ ಹೊಸ ಆಟೋ ಕೊಂಡಿದ್ದಾನೆ, ಹಾರ್ನು ಹಳೆಯದನ್ನೇ ಹಾಕಿಸಿದ್ದಾನಂತೆ; ನನಗೇನು, ಎರಡೂ ಕೇಳಿಸುವುದಿಲ್ಲ. ಮುನಸಿಪಾಲಿಟಿ ಹಾಳಾಗಿ ಹೋಗಲಿ. ಈಗ ಸಮಾಧಾನವಾಯಿತೇ?

ಅಜ್ಜ

ಗೆದ್ದು ಬಾ. — ಅಪ್ಪ


ನಿಗಡಿ
೨೮ ಅಕ್ಟೋಬರ್ ೨೦೨೪

ಕೇತಕಿ,

ಇದನ್ನೂ ಕಳಿಸುವುದಿಲ್ಲ. ಕಳಿಸಿದ ಕಾಗದ ಈಗ ತಾನೇ ಅಂಚೆ ಡಬ್ಬಿಗೆ ಬಿತ್ತು.

ನಿನ್ನ ಪತ್ರವನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಗೋಡೆ ಕಡೆ ಮುಖ ಮಾಡಿಯೇ ಮಲಗುವುದು. ಎಡಗೈಗೆ ಪೆನ್ನು ಕೊಟ್ಟೆ. ಒಂದು ಅಕ್ಷರ ಎಳೆದ, ಅದು ಅಕ್ಷರವಾಗಲಿಲ್ಲ. ಪೆನ್ನು ಕೆಳಗೆ ಇಟ್ಟು, "ನೀನೇ ಬರಿ ಅಪ್ಪಾ. ಊಟ ಬಿಡಬ್ಯಾಡ ಅಂತ ಬರಿ. ಬ್ಯಾರೆ ಏನೂ ಬ್ಯಾಡ" ಅಂದ.

ಬರೆಯುವುದು ಕಷ್ಟವಾಗಲಿಲ್ಲ. ಅವನಿಗೂ ನಿನಗೂ ಅಕ್ಷರ ತಿದ್ದಿಸಿದವನು ನಾನು. ಮೂವರದೂ ಒಂದೇ ಕೈ. ಆದರೆ ಪೆನ್ನು ಹಿಡಿದಾಗ, ಇಂಥ ಹೊತ್ತಿನಲ್ಲಿ ಊಟದ ಮಾತೇನು ಬರೆಯುವುದು ಅನ್ನಿಸಿತು. ಸಿಟ್ಟಾಗಿದ್ದಾನೆ ಎಂದುಕೊಂಡಿರುವ ಹುಡುಗಿಗೆ ತಂದೆ ಬೆನ್ನು ತಟ್ಟಿದ ಹಾಗಿರಬೇಕು. ನಾನೇ ಅವನ ಜಾಗದಲ್ಲಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಬರೆದೆ.

ಅವನಿಗೆ ಓದಿ ಹೇಳಲಿಲ್ಲ.

ಅಜ್ಜ


ಮೈಸೂರು
೬ ನವೆಂಬರ್ ೨೦೨೪

ಅಜ್ಜಾ,

ಬಂತು! ಅಪ್ಪ ಯಾವತ್ತೂ ನನ್ನ ಆಟದ ಬಗ್ಗೆ ಒಂದು ಮಾತು ಆಡಿದವರಲ್ಲ. ಗೆದ್ದರೆ ಊಟ ಮಾಡು, ಸೋತರೂ ಊಟ ಮಾಡು. ಅವರಿಗೆ ನಾನು ಗೆಲ್ಲಬೇಕು ಅಂತ ಆಸೆ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಹಳೆಯ ಸಾಲಿನ ಮೇಲೆ ಇದನ್ನು ಅಂಟಿಸಿದ್ದೇನೆ. ಧನುಶ್ರೀ ಓದಿ, "ಅಬ್ಬಾ, ನಿಮ್ಮಪ್ಪ ಕೊನೆಗೂ ಅಡುಗೆಮನೆಯಿಂದ ಆಚೆ ಬಂದ್ರು" ಅಂದಳು.

ಸೋಮವಾರದಿಂದ ಪಂದ್ಯ. ಮುಗಿಯುವ ತನಕ ಬರೆಯುವುದಿಲ್ಲ.

ಕೇತಕಿ


ಮೈಸೂರು
೨೦ ನವೆಂಬರ್ ೨೦೨೪

ಅಜ್ಜಾ,

ಸೀಟು ಹೋಯಿತು.

ಕೊನೆಯ ಸುತ್ತಿಗೆ ಬಂದಾಗ ನಾನು ನಾಲ್ಕನೆಯವಳು, ಹರ್ಷಾ ನನ್ನನ್ನು ದಾಟಿ ಅರ್ಧ ಅಂಕ ಮುಂದೆ. ನಮ್ಮಿಬ್ಬರಿಗೇ ಆಟ ಬಿತ್ತು. ನನಗೆ ಕಪ್ಪು. ಡ್ರಾ ಆದರೆ ಇಬ್ಬರ ಸೀಟೂ ಉಳಿಯುತ್ತಿತ್ತು, ಸೋತರೆ ಐದನೆಯವಳು ನನ್ನನ್ನು ದಾಟುತ್ತಿದ್ದಳು. ಸರ್ ಬೆಳಿಗ್ಗೆಯೇ ಕರೆದು, "ಏನೂ ಸಾಹಸ ಬೇಡ ಪುಣೆ. ಪ್ಯಾದೆ ಕಾಯ್ಕೊಂಡು ಕೂತ್ಕೋ, ಸಾಕು" ಅಂದಿದ್ದರು. ನಾನೂ ಹೂಂ ಅಂದಿದ್ದೆ.

ಕಾಯಿ ತೆಗೆಯಲು ಡಬ್ಬಿ ತೆರೆದೆ. ಮುಚ್ಚಳದಲ್ಲಿ ಅಪ್ಪನ ಸಾಲಿತ್ತು. ಡ್ರಾ ಮಾಡಿಕೊಂಡು ಬಾ ಅಂತ ಇರಲಿಲ್ಲ.

ಅವಳು ರಾಜನ ಪ್ಯಾದೆ, ನಾನೂ ರಾಜನ ಪ್ಯಾದೆ. ಅವಳು ಕುದುರೆ. ನಾನು ಒಂಟೆಯ ಮುಂದಿನ ಪ್ಯಾದೆಯನ್ನು ಎರಡು ಮನೆ ನೂಕಿದೆ. ಹಿಂದೆ ನಿಂತಿದ್ದ ಸರ್ ಹೊರಗೆ ಹೋದದ್ದು ಗೊತ್ತಾಯಿತು. ಅವಳು ತಿಂದಳು, ನನ್ನ ಮಂತ್ರಿ ಹೊರಗೆ ಬಂತು. ಆಮೇಲೆ ಅವಳು ಆ ಕುದುರೆಯನ್ನು ಹಿಂದಕ್ಕೆ ತಂದಳು. ಅಕ್ಷಯ ಹಾಗೆ ಆಡಿದಾಗ ನೀನು ಏನು ಮಾಡಿ ಗೆದ್ದೆ ಅಂತ ಆಗ ಭಾಳ ಯೋಚನೆ ಮಾಡಿದೆ ಅಜ್ಜಾ. ಹೊಳೆಯಲಿಲ್ಲ. ನನ್ನ ಮಂತ್ರಿ ಅವಳ ಪ್ಯಾದೆಯೊಂದನ್ನು ತಿನ್ನಲು ದೂರ ಹೋಗಿದ್ದಾಗ ಅವಳ ಮಂತ್ರಿ ಬಂದು ಚೆಕ್ ಕೊಟ್ಟಿತು, ಒಂಟೆಯ ಪ್ಯಾದೆ ಇದ್ದಿದ್ದರೆ ಮುಚ್ಚಿರುತ್ತಿದ್ದ ಅದೇ ದಾರಿಯಲ್ಲಿ. ನನ್ನ ರಾಜ ಸ್ವಲ್ಪ ಓಡಾಡಿತು. ನಾನು ಸೋಲು ಒಪ್ಪಿ ಕೈ ಕುಲುಕಿ ಎದ್ದೆ.

ಫೋನ್ ವಾಪಸ್ ಕೊಟ್ಟಿದ್ದಾರೆ. ನಾನು ಆನ್ ಮಾಡಿಲ್ಲ. ಗೆದ್ದು ಬಾ ಅಂದಿದ್ದರು, ಗೆಲ್ಲಲಿಲ್ಲ. ಹೇಗೆ ಬರಲಿ? ಮಂಡ್ಯದಲ್ಲಿ ಧನುಶ್ರೀಯ ಚಿಕ್ಕಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ, ನನ್ನನ್ನೂ ಸೇರಿಸುತ್ತಾರಂತೆ. ಅಲ್ಲಿಯ ವಿಳಾಸ ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ಅಪ್ಪಗೆ ತೋರಿಸಬೇಡ, ನೀನು ಮಾತ್ರ ಬರಿ.

ಕೇತಕಿ


ನಿಗಡಿ
೨೭ ನವೆಂಬರ್ ೨೦೨೪

ಕೇತಕಿ ಮಗಾ,

ಇದರ ಜೊತೆ ಎರಡು ಹಳೆಯ ಕಾಗದಗಳಿವೆ. ಕಳಿಸದೆ ಇಟ್ಟಿದ್ದವು. ಮೊದಲು ಅವನ್ನು ಓದು, ತಾರೀಖು ನೋಡಿಕೊಂಡು ಓದು. ಆಮೇಲೆ ಇದಕ್ಕೆ ಬಾ.

ಓದಿದೆಯಾ?

ನಿಮ್ಮಪ್ಪ ನಿನಗೆ ಗೆದ್ದು ಬಾ ಎಂದು ಹೇಳಲೇ ಇಲ್ಲ. ಆ ಮಾತು ನನ್ನದು. ನಾನು ಗೆದ್ದೆ ಎಂದು ಬರೆದ ಆಟವೂ ಸುಳ್ಳು. ಅದರ ಉತ್ತರ ಹೊಳೆಯಲಿಲ್ಲ ಅಂದೆಯಲ್ಲ. ಅದಕ್ಕೆ ಉತ್ತರ ಇಲ್ಲ ಮಗಾ, ನನಗೂ ಸಿಕ್ಕಿಲ್ಲ.

ನಿನ್ನ ಪತ್ರವನ್ನು ಮುಚ್ಚಿಡಬೇಕೆಂದಿದ್ದೆ. ಆಗಲಿಲ್ಲ. ಇನ್ನೂ ಏನನ್ನಾದರೂ ಮುಚ್ಚಿಡಲು ಈ ಮನೆಯಲ್ಲಿ ಜಾಗವಿಲ್ಲ. ನಿಮ್ಮಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. "ನಾ ಹೇಳಿದ್ದೇ ಬರೆದಿದ್ರ ಆಗ್ತಿತ್ತಲ್ಲಪ್ಪಾ" ಅಂದ. ಅಷ್ಟೇ. ಆವತ್ತಿನಿಂದ ನನ್ನ ಕಡೆ ಮುಖ ಮಾಡಿ ಮಾತಾಡುವುದಿಲ್ಲ. ನಾನು ಕಿವುಡ, ಅವನು ಮುಖ ತಿರುಗಿಸಿದರೆ ನನಗೆ ಅವನ ಮಾತು ಇಲ್ಲ.

ಕಾರ್ಖಾನೆಯವರು ಮನೆಯ ಒಬ್ಬರಿಗೆ ಅದೇ ಶಾಪಿನಲ್ಲಿ ಕಾಂಟ್ರಾಕ್ಟ್ ಕೆಲಸ ಕೊಡುತ್ತೇವೆ ಎಂದು ಹೇಳಿ ಕಳಿಸಿದ್ದಾರೆ. ನಿಮ್ಮವ್ವ ಹೋಗುತ್ತೇನೆ ಅನ್ನುತ್ತಾಳೆ. ನಿಮ್ಮಪ್ಪ ಬೇಡ ಅನ್ನುತ್ತಾನೆ.

ಬಾ ಮಗಾ. ಗೆಲ್ಲದೆ ಬಾ.

ಅಜ್ಜ


ನಿಗಡಿ
೧೨ ಡಿಸೆಂಬರ್ ೨೦೨೪

ಕೇತಕಿ ಮಗಾ,

ನನ್ನ ಕಾಗದ ಮುಟ್ಟಿತೋ ಇಲ್ಲವೋ. ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಅಕ್ಷಯ ಮನೆಗೇ ಬಂದು ಕೈಸನ್ನೆ ಮಾಡಿ ಕರೆದ. ಬಿಳಿ ಕಾಯಿಯನ್ನೇ ಕೊಡುತ್ತೇನೆ ಅಂದ. ಹೋಗಲಿಲ್ಲ.

ಬೈದಾದರೂ ಬರಿ.

ಅಜ್ಜ


ಮಂಡ್ಯ
೨೨ ಡಿಸೆಂಬರ್ ೨೦೨೪

ಅಪ್ಪಾ,

ಈ ಪತ್ರ ನಿಮಗೆ. ಅವ್ವಗೆ ಓದು ಬರುವುದಿಲ್ಲ, ಆದ್ದರಿಂದ ನೀವೇ ಜೋರಾಗಿ ಓದಿ ಹೇಳಿ. ಅಜ್ಜನಿಗೆ ಕೊಡಬೇಡಿ.

ಶನಿವಾರ ಬೆಳಿಗ್ಗೆ ಕಾತ್ರಜದಲ್ಲಿ ಇಳಿಯುತ್ತೇನೆ. ಕರೆಯಲು ಬರಬೇಡಿ, ಬಸ್ಸಿನಲ್ಲಿ ಗದ್ದಲ ಇರುತ್ತದೆ, ಯಾರಾದರೂ ಕೈಗೆ ತಾಗಿಸಿಯಾರು. ಚೆಸ್ ಡಬ್ಬಿಯನ್ನು ಧನುಶ್ರೀಗೆ ಕೊಟ್ಟೆ. ಮುಚ್ಚಳದ ಮೇಲಿನ ಕಾಗದ ಕಿತ್ತರೆ ಕೆಳಗೆ ನಿಮ್ಮ ಹಳೆಯ ಸಾಲು ಹಾಗೇ ಇತ್ತು. ಅದನ್ನು ಮಾತ್ರ ಬಿ‌ಡಿಸಿ ತರುತ್ತಿದ್ದೇನೆ.

ಕಾರ್ಖಾನೆಯ ಕೆಲಸಕ್ಕೆ ಅವ್ವ ಹೋಗುವುದು ಬೇಡ. ಜನವರಿಗೆ ನನಗೆ ಹದಿನೆಂಟು ತುಂಬುತ್ತದೆ, ನಾನು ಹೋಗುತ್ತೇನೆ. ನೀವು ಬೇಡ ಅನ್ನುತ್ತೀರಿ, ಗೊತ್ತು. ಮನೆಯಲ್ಲಿ ಇನ್ಯಾರಿದ್ದಾರೆ ಹೇಳಿ. ಎಷ್ಟೇ ಮಾಲು ಕೇಳಲಿ, ಎಷ್ಟೇ ಬೈಯಲಿ, ನಾನು ಎರಡೂ ಕೈಯಲ್ಲಿ ಎರಡೂ ಗುಂಡಿ ಒತ್ತುತ್ತೇನೆ. ಪಟ್ಟಿ ಕಟ್ಟುವುದಿಲ್ಲ.

ಎಡಗೈಯಲ್ಲಿ ತುತ್ತು ಕಲಸಲು ನಾಚಿಕೆ ಅಂತ ಅರ್ಧಕ್ಕೇ ಏಳುತ್ತೀರಂತೆ, ಅವ್ವ ಫೋನಿನಲ್ಲಿ ಹೇಳಿದಳು. ಊಟ ಬಿಡಬೇಡಿ.

ನಿಮ್ಮ
ಕೇತಕಿ

ಕೆಳಗಿನ ಸಾಲನ್ನು ಮಾತ್ರ ಹರಿದು ಅಜ್ಜನಿಗೆ ಕೊಡಿ.

ಅಜ್ಜಾ, ಕೊನೆಯ ಆಟದಲ್ಲಿ ಎರಡನೇ ನಡೆಗೆ ಕುದುರೆ ಇಟ್ಟ ಕೂಡಲೇ ಹರ್ಷಾಳೇ ಡ್ರಾ ಕೇಳಿದ್ದಳು, ಹೂಂ ಅಂದಿದ್ದರೆ ಸೀಟು ಉಳಿಯುತ್ತಿತ್ತು. ನಾನು ಉತ್ತರ ಹೇಳದೆ ಒಂಟೆಯ ಮುಂದಿನ ಪ್ಯಾದೆ ನೂಕಿದೆ. — ಕೇತಕಿ